ಬೈರಮ್ಮನ ಗಂಜಿ, ಬೆಳ್ಳಿಯ ಕಿಡಿ

ಸಮೇತನಹಳ್ಳಿಯ ಬೈರಮ್ಮ ಐವತ್ಮೂರನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ್ದು ಬಡತನದಿಂದಲ್ಲ, ಬೇಜಾರಿನಿಂದ.

ಅವಳ ಮನೆಯವರ ಮೂರೆಕರೆ ಹೊಲದ ಮೇಲೆ ಈಗ ಒಂದು ಗೋಡೌನ್ ನಿಂತಿದೆ. ಒಂದು ಕಾಲಕ್ಕೆ ರಾಗಿ, ಅವರೆ, ಹುಚ್ಚೆಳ್ಳು ತೂಗಾಡುತ್ತಿದ್ದ ನೆಲದಲ್ಲಿ ಬೆಂಗಳೂರಿನವರು ಫೋನಿನಲ್ಲಿ ತರಿಸಿಕೊಳ್ಳುವ ಮಿಕ್ಸಿ, ಚಪ್ಪಲಿ, ದಿಂಬುಗಳು ಸಾಲುಸಾಲಾಗಿ ಮಲಗಿವೆ. ಬಾಡಿಗೆ ತಾನಾಗಿ ಬರುತ್ತದೆ; ಕಳೆ ಕೀಳಬೇಕಿಲ್ಲ, ಹಂದಿ ಕಾಯಬೇಕಿಲ್ಲ. ಗಂಡ ಆದಿನಾರಾಯಣಪ್ಪ ಇದನ್ನು ದೇವರು ಕೊಟ್ಟ ಪಿಂಚಣಿ ಎಂದು ತಿಳಿದು ಅರಳೀಕಟ್ಟೆಯ ಮೇಲೆ ಕಾಯಂ ಆದ. ಬೈರಮ್ಮನಿಗೆ ಮಾತ್ರ ಸುಮ್ಮನೆ ಕೂರುವ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ. ಮೊದಲ ತಿಂಗಳು ಮನೆಯಲ್ಲಿದ್ದ ಅಷ್ಟೂ ಪಾತ್ರೆಗಳನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದಳು. ಎರಡನೆಯ ತಿಂಗಳು ಅವನ್ನೇ ಮತ್ತೆ ತಿಕ್ಕಿದಳು. ಮೂರನೆಯ ತಿಂಗಳು ಟೀವಿ ಧಾರಾವಾಹಿಯಲ್ಲಿ ಒಬ್ಬ ಸೊಸೆ ಹಾಲುಕ್ಕಿಸಿಕೊಂಡು ಹಾಗೇ ಕಣ್ಣೀರಿಡುತ್ತಾ ನಿಂತದ್ದನ್ನು ಕಂಡು, 'ಒಲೆ ಆರಿಸೇ ದರಿದ್ರದೋಳೆ!' ಎಂದು ಕೂಗಿದಳು. ಆಮೇಲೆ ಟೀವಿಯನ್ನೇ ಆರಿಸಿ, ಮಾರನೆಯ ಬೆಳಿಗ್ಗೆ ಪಿಲ್ಲಗುಂಪೆಯ ಬಸ್ಸು ಹತ್ತಿದಳು.

ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಫ್ಯಾಕ್ಟರಿಗೂ ಪಂಪಿನ ಬಿಡಿಭಾಗ ಮಾಡುವ ಫ್ಯಾಕ್ಟರಿಗೂ ನಡುವೆ ನೀಲಿ ಗೇಟಿನ ಒಂದು ಸಣ್ಣ ಶೆಡ್ಡಿತ್ತು. ಹೊಗೆ ಇಲ್ಲ, ಸೈರನ್ ಇಲ್ಲ. ಒಳಗಿದ್ದವರು ಇಬ್ಬರೇ. ಒಬ್ಬಳು ಡಾಕ್ಟರ್ ದಿವ್ಯ, ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿ ಓದಿ ಆದ ಡಾಕ್ಟರ್. ಇನ್ನೊಬ್ಬ ಲೇಸರ್ ಯಂತ್ರ ನಡೆಸುವ ಮಂಜೇಶ್, ನಲವತ್ತರ ಗೃಹಸ್ಥ, ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಅವರಿಗೆ ನೆಲ ಒರೆಸಿ ಪ್ಲೇಟು ತೊಳೆಯುವವರು ಬೇಕಾಗಿತ್ತು. ಬೈರಮ್ಮ ಒಪ್ಪಿದಳು.

ಸುದ್ದಿ ಮನೆ ಮುಟ್ಟುವ ಮೊದಲೇ ಓರಗಿತ್ತಿ ಅನಸೂಯಳನ್ನು ಮುಟ್ಟಿತ್ತು.

'ಅಕ್ಕ, ಗೋಡೌನಿನ ಒಡತಿ ನೀನು. ಹೋಗಿ ಹೋಗಿ ಇನ್ನೊಬ್ರ ತಟ್ಟೆ ತೊಳೀತೀಯಾ? ನಮ್ಮನೆ ಮಾನ ಏನಾಗ್ಬೇಕು?'

'ತಟ್ಟೆ ಅಲ್ಲ ಕಣಮ್ಮಿ, ಪ್ಲೇಟು. ಅದ್ರ ಮ್ಯಾಲೆ ಲೇಸರ್ ಬಿಡ್ತಾರೆ.'

'ಬಿಟ್ಟಾದ್ಮೇಲೆ ತೊಳಿಯೋಳು ನೀನೇ ತಾನೆ?'

'ಒಂದು ವಾರ ನೋಡ್ತಿರು, ವಾಪಸ್ ಕಳಿಸ್ತಾರೆ' ಎಂದು ಅನಸೂಯ ಬಾವಿಕಟ್ಟೆಯಲ್ಲಿ ಸಾರಿಕೊಂಡು ಬಂದಳು. ಅಂದಿನಿಂದ ಆ ಶೆಡ್ಡು ಬೈರಮ್ಮನಿಗೆ ಬರಿಯ ಕೆಲಸವಾಗಿ ಉಳಿಯಲಿಲ್ಲ, ಕೋಟೆಯಾಯಿತು. ಸತ್ತರೂ ಅದನ್ನು ಬಿಟ್ಟುಕೊಡುವ ಹಾಗಿರಲಿಲ್ಲ.

ಕೋಟೆಯೊಳಗೆ ನಡೆಯುತ್ತಿದ್ದದ್ದು ಹಸುಗಳ ಕೆಲಸ. ಕೆಚ್ಚಲು ಬಾವು ಎಂಬ ರೋಗ ಹೊಸಕೋಟೆ ತಾಲ್ಲೂಕಿನ ಯಾವ ಕೊಟ್ಟಿಗೆಗೂ ಹೊಸದಲ್ಲ. ಕೆಚ್ಚಲು ಊದಿ, ಹಸು ಕಾಲು ಝಾಡಿಸುವ ಹೊತ್ತಿಗೆ ಅರ್ಧ ನಷ್ಟ ಆಗಿಯೇ ಹೋಗಿರುತ್ತದೆ. ಆದರೆ ಊತ ಬರುವುದಕ್ಕೆ ಕೆಲವು ದಿನ ಮೊದಲೇ ಹಾಲಿನಲ್ಲಿ ಒಂದು ಪ್ರೋಟೀನು ಗುಟ್ಟಾಗಿ ಹೆಚ್ಚುತ್ತದೆ. ಅದನ್ನು ಡೇರಿಯ ಬಾಗಿಲಲ್ಲೇ ಹಿಡಿಯುವ ಯಂತ್ರ ಮಾಡುವುದು ದಿವ್ಯಳ ಹಟ.

ಸೇರಿದ ಮೂರನೆಯ ದಿನ, ಚಟ್ ಚಟ್ ಎಂದು ಸದ್ದು ಮಾಡುತ್ತಿದ್ದ ಪೆಟ್ಟಿಗೆಯ ಮುಂದೆ ಬೈರಮ್ಮ ಒರೆಸುವ ಬಟ್ಟೆ ಹಿಡಿದು ನಿಂತಿದ್ದನ್ನು ದಿವ್ಯ ನೋಡಿದಳು.

'ಬೈರಮ್ಮನೋರೆ, ಅನ್ನ ಉಕ್ಕಿ ಗ್ಯಾಸ್ ಒಲೆ ಮೇಲೆ ಬಿದ್ದಾಗ ಬೆಂಕಿ ಯಾವ ಬಣ್ಣ ಆಗುತ್ತೆ?'

'ಹಳದಿ ಆಯ್ತದೆ. ನೀಲಿ ಇದ್ದಿದ್ದು ಭಗ್ ಅಂತ ಹಳದಿ.'

'ಯಾಕೆ?'

'ಉಕ್ಕಿಸಿದ್ರಲ್ಲ ಅಂತ ಸಿಟ್ಟು.'

'ಉಪ್ಪು ಕಾರಣ,' ಎಂದು ದಿವ್ಯ ನಕ್ಕಳು. 'ಉಪ್ಪಿನಲ್ಲಿರೋ ಸೋಡಿಯಂ ಚೆನ್ನಾಗಿ ಬಿಸಿಯಾದ್ರೆ ಹಳದಿ ಬೆಳಕೇ ಕೊಡೋದು. ತಾಮ್ರ ಹಸಿರು ಕೊಡುತ್ತೆ. ಬೆಳ್ಳಿಗೂ ಅದರದ್ದೇ ಆದ ಬೆಳಕಿದೆ. ಈ ಲೇಸರ್ ಒಂದು ಏಟು ಹೊಡೆದ್ರೆ ಸಾಸಿವೆಗಿಂತ ಚಿಕ್ಕ ಕಿಡಿ ಏಳುತ್ತೆ. ಪ್ಲಾಸ್ಮಾ ಅಂತಾರೆ. ಒಂದು ಗಳಿಗೆ ಅದು ಸೂರ್ಯನ ಮೈಗಿಂತ ಬಿಸಿ. ಅದರೊಳಗೆ ಸಿಕ್ಕಿಕೊಂಡಿದ್ದು ಯಾವುದೇ ಇರಲಿ, ತನ್ನ ಬಣ್ಣ ತೋರಿಸಲೇಬೇಕು. ಆ ಬಣ್ಣಗಳನ್ನ ಬಿಡಿಸಿ ಓದೋದೇ ಈ ಪೆಟ್ಟಿಗೆ.'

'ಹಂಗಾರೆ ಆ ರೋಗದ ಪ್ರೋಟೀನಿಗೂ ಒಂದು ಬಣ್ಣ ಐತಾ?'

'ಅದೇ ಕಷ್ಟ. ಹಾಲಿನಲ್ಲಿರೋ ಎಲ್ಲ ಪ್ರೋಟೀನೂ ಹೆಚ್ಚುಕಡಿಮೆ ಒಂದೇ ಸಾಮಾನಿನಿಂದ ಮಾಡಿದ್ದು. ಕಿಡಿಗೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಅದಕ್ಕೆ, ನಮಗೆ ಬೇಕಾದ್ದಕ್ಕೆ ಮಾತ್ರ ಹೋಗಿ ಅಂಟೋ ಹಾಗೆ ಬೆಳ್ಳಿಯ ಸಣ್ಣ ಸಣ್ಣ ಕಣ ಕಟ್ತೀವಿ. ಮಿಕ್ಕಿದ್ದು ತೊಳೆದುಬಿಡ್ತೀವಿ.'

ಬೈರಮ್ಮ ಯೋಚಿಸಿದಳು. 'ಬೇಲಿ ಹಾರೋ ಹಸುಗೆ ಗಂಟೆ ಕಟ್ದಂಗೆ. ಕತ್ಲಲ್ಲಿ ಹಸು ಕಾಣ್ದೆ ಇದ್ರೂ ಗಂಟೆ ಎಣಿಸ್ಕೊಬಹುದು.'

ದಿವ್ಯ ಏಳು ವರ್ಷದಿಂದ ಸಭೆಗಳಲ್ಲಿ ನಲವತ್ತು ಚಿತ್ರ ತೋರಿಸಿ ಇದನ್ನೇ ಹೇಳಲು ಹೆಣಗುತ್ತಿದ್ದಳು. ಅವಳು ಪೆನ್ನು ತೆಗೆದು ಈ ಮಾತನ್ನು ಬರೆದುಕೊಂಡಳು.

ವಿದ್ಯೆ ದೊಡ್ಡದು, ತೊಂದರೆ ಚಿಕ್ಕದು; ಆದರೆ ಆ ಚಿಕ್ಕ ತೊಂದರೆ ಎಂಟು ತಿಂಗಳಿಂದ ಬಾಗಿಲಲ್ಲಿ ಅಡ್ಡ ಮಲಗಿತ್ತು. ಬೆಳ್ಳಿ ಕಟ್ಟಿದ ದ್ರವದ ಹನಿಗಳನ್ನು ಬೆರಳಗಲದ ಅಲ್ಯೂಮಿನಿಯಂ ಪ್ಲೇಟಿನ ಮೇಲಿಟ್ಟು ಒಣಗಿಸಿ, ಆಮೇಲೆ ಲೇಸರ್ ಹೊಡೆಯುವುದು ಕ್ರಮ. ಹನಿ ಒಣಗುವಾಗ ಒಳಗಿದ್ದ ಬೆಳ್ಳಿಯೆಲ್ಲ ಅಂಚಿಗೆ ಓಡಿ ಬಳೆಯ ಹಾಗೆ ಸುತ್ತಲೂ ಕೂತುಬಿಡುತ್ತಿತ್ತು. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿ ಸುತ್ತ ಕಪ್ಪು ಗೆರೆ ಕಟ್ಟುವ ಹಾಗೆ. ನಡುವೆ ಬೋಳು. ಲೇಸರ್ ನಡುವೆ ಬಿದ್ದರೆ ಹಸು ಆರೋಗ್ಯವಂತೆ. ಕೂದಲೆಳೆ ಪಕ್ಕಕ್ಕೆ ಬಿದ್ದರೆ ಅದೇ ಹಸುವಿಗೆ ಮಹಾರೋಗ. ಇಡೀ ಹನಿಯನ್ನು ಚುಕ್ಕೆ ಚುಕ್ಕೆಯಾಗಿ ಸುಟ್ಟು ಲೆಕ್ಕ ಹಾಕಬಹುದಿತ್ತು, ಆದರೆ ಒಂದು ಹನಿಗೆ ಅರ್ಧ ಗಂಟೆ ಬೇಕು. ಬೆಳಿಗ್ಗೆ ಆರಕ್ಕೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು ಅರ್ಧ ಗಂಟೆ ಕಾಯುವುದಿಲ್ಲ, ಯಂತ್ರವನ್ನೇ ಕೆರೆಗೆ ಹಾಕುತ್ತಾರೆ.

ಪ್ಲೇಟು ತೊಳೆಯುವ ಜಾಗದ ಗೋಡೆಯ ಮೇಲೆ ದಿವ್ಯ ಒಂದು ಕಾಗದ ಅಂಟಿಸಿದ್ದಳು: 'ತೊಳೆಯಿರಿ. ಒಣಗಿಸಿ. ಬೇರೆ ಏನೂ ಮಾಡಬೇಡಿ.' ಕೊನೆಯ ಮಾತಿನ ಕೆಳಗೆ ಎರಡು ಗೆರೆ.

ಬೈರಮ್ಮ ಒಂದು ತಿಂಗಳು ಈ ಶಾಸನಕ್ಕೆ ತಲೆಬಾಗಿದಳು. ಆದರೆ ದಿನಾ ಆ ಹನಿಗಳನ್ನು ನೋಡಿಯೂ ಸುಮ್ಮನಿರುವುದು ಅವಳಿಂದಾಗದ ಕೆಲಸ. ಯಾಕೆಂದರೆ, ಇಲ್ಲಿ ಒಂದು ಇತಿಹಾಸ ಹೇಳಲೇಬೇಕು, ಬೈರಮ್ಮ ಸಂಡಿಗೆಯ ಸಾಮ್ರಾಜ್ಞಿ. ಅವಳ ತೌರು ಅನುಗೊಂಡನಹಳ್ಳಿ. ಅಲ್ಲಿ ಅವಳ ಅವ್ವ ಇಟ್ಟ ಸಂಡಿಗೆ ಅಂಚಿನಿಂದ ಅಂಚಿನವರೆಗೆ ಒಂದೇ ದಪ್ಪ, ಎಣ್ಣೆಗೆ ಬಿದ್ದರೆ ಒಟ್ಟಿಗೇ ಅರಳುತ್ತಿತ್ತು. ಊರಿನ ಮಿಕ್ಕವರ ಸಂಡಿಗೆ ಅಂಚು ಕರಿದು ನಡು ಹಸಿ, ಇಲ್ಲವೇ ನಡು ಅರಳಿ ಅಂಚು ಕಲ್ಲು. ಗುಟ್ಟು ಹಿಟ್ಟಿನಲ್ಲಿರಲಿಲ್ಲ, ಹಾಸಿನಲ್ಲಿತ್ತು. ಎಲ್ಲರೂ ಹಳೆಯ ಸೀರೆಯನ್ನು ಹಾಗೇ ಹಾಸಿ ಸಂಡಿಗೆ ಇಟ್ಟರೆ, ಅವ್ವ ಸೀರೆಗೆ ತೆಳ್ಳಗೆ ಗಂಜಿ ಕೊಟ್ಟು, ನೆರಳಲ್ಲಿ ಒಣಗಿಸಿ, ಅದರ ಮೇಲೆ ಇಡುತ್ತಿದ್ದಳು. 'ನೆಲ ಹಿಡ್ಕೊಂಡ್ರೆ ಹಿಟ್ಟು ಓಡಲ್ಲ ಕಣೇ' ಎನ್ನುತ್ತಿದ್ದಳು. ಮದುವೆಯಾದ ಮೇಲೆ ಬೈರಮ್ಮ ಆ ವಿದ್ಯೆಯನ್ನು ಸಮೇತನಹಳ್ಳಿಗೆ ತಂದಳು, ಯಾರಿಗೂ ಹೇಳಿಕೊಡಲಿಲ್ಲ. ನಾದಿನಿಯ ಮದುವೆಗೆ ಇಪ್ಪತ್ತೆರಡು ಸೇರು ಅಕ್ಕಿಯ ಸಂಡಿಗೆ ಇಟ್ಟು ಒಂದೇ ಒಂದೂ ಬಿರುಕು ಬಿಡದ ಆ ಬೇಸಿಗೆಯನ್ನು ಹಿರಿಯರು ಇಂದಿಗೂ ಒಂದು ಶಕೆಯಂತೆ ನೆನೆಯುತ್ತಾರೆ.

ಇಂಥವಳ ಕಣ್ಣ ಮುಂದೆ ದಿನಕ್ಕೆ ನಲವತ್ತು ಹನಿ ನಡು ಬೋಳಾಗಿ, ಅಂಚು ದಪ್ಪವಾಗಿ ಒಣಗುತ್ತಿದ್ದರೆ ಎಷ್ಟು ದಿನ ಸಹಿಸಿಯಾಳು?

ಒಂದು ಶನಿವಾರ ಅವಳು ಊಟದ ಡಬ್ಬಿಯ ಜೊತೆ ಇನ್ನೊಂದು ಸಣ್ಣ ಸ್ಟೀಲ್ ಡಬ್ಬಿ ತಂದಳು. ಅದರಲ್ಲಿ ಸೋಸಿದ ತಿಳಿ ಗಂಜಿ. ನಲವತ್ತು ಪ್ಲೇಟು ತೊಳೆದಳು. ಗೋಡೆಯ ಕಾಗದವನ್ನು ಒಮ್ಮೆ ನೋಡಿದಳು. 'ತೊಳಿ ಅಂತ ಐತೆ, ತೊಳ್ದೆ. ಒಣಗ್ಸು ಅಂತ ಐತೆ, ಗಂಜಿ ಕೊಟ್ಟು ಒಣಗಿಸ್ತೀನಿ. ಒಣಗಿಸೋದ್ರಲ್ಲೇ ಬರ್ತದೆ ಅದು' ಎಂದು ತನಗೆ ತಾನೇ ವಕೀಲಿ ಮಾಡಿಕೊಂಡಳು. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಗಂಜಿ ಬಿಸಿಮಾಡಿ, ತೆಳುವಾದ ಮಲ್ಲು ಬಟ್ಟೆಯನ್ನು ಬೆರಳಿಗೆ ಸುತ್ತಿ ಅದ್ದಿ, ಒಂದೊಂದು ಪ್ಲೇಟಿಗೂ ಒಂದೇ ಸಲ, ಎಡದಿಂದ ಬಲಕ್ಕೆ ಎಳೆದಳು. ಒಣಗಿದ ಮೇಲೆ ಏನೂ ಕಾಣುತ್ತಿರಲಿಲ್ಲ. ಕಾಣದ ಪಾಪಕ್ಕೆ ಕಾಣದ ಸಾಕ್ಷಿ.

ಸೋಮವಾರ ದಿವ್ಯ ಕಿರುಚಿದಳು.

'ಮಂಜೇಶ್! ಬಾ ಇಲ್ಲಿ! ಒಂದೇ ಹಾಲು, ಹತ್ತು ಏಟು. ಹತ್ತೂ ಒಂದೇ ಅಳತೆ!'

ಮಂಜೇಶ್ ಓಡಿ ಬಂದು ಪರದೆಯ ಮೇಲಿನ ಬೆಳ್ಳಿಯ ಗೆರೆಗಳನ್ನು ನೋಡಿದ. ಹತ್ತೂ ಗೆರೆ ಒಂದೇ ಎತ್ತರಕ್ಕೆ, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ. ಅವನ ಎದೆ ಉಬ್ಬಿತು. 'ಬೆಳಿಗ್ಗೆ ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿದ್ದೆ ಮೇಡಂ. ನನಗೆ ಡೌಟ್ ಇತ್ತು ಅದ್ರ ಮೇಲೆ.'

'ಕಾಲು ಸುತ್ತು!' ದಿವ್ಯ ಕೈಮುಗಿದಳು.

ಬೈರಮ್ಮ ನೆಲ ಒರೆಸುತ್ತಾ ಒರೆಸುತ್ತಾ ಬೀರುವಿನ ಹಿಂದಕ್ಕೆ ಹೋಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಆ ನಗುವಿನಲ್ಲಿ ಅವ್ವನ ಪಾಲೂ ಇತ್ತು.

ಹನ್ನೆರಡು ದಿನ ಹೀಗೇ ನಡೆಯಿತು. ಪ್ಲೇಟು ತೊಳೆದಾಗಲೆಲ್ಲ ಗಂಜಿ. ಅಳತೆಗಳು ಒಂದರ ಹಿಂದೆ ಒಂದು ಸರಿ ಬಂದವು. ಮಂಜೇಶ್ ಆ ಸ್ಕ್ರೂವಿನ ಸುತ್ತ ಕೆಂಪು ಬಣ್ಣ ಬಳಿದು 'ಮುಟ್ಟಬೇಡಿ' ಎಂದು ಬರೆದ. ದಿವ್ಯ ಹಾಲು ಒಕ್ಕೂಟದ ಪಶುವೈದ್ಯ ಡಾಕ್ಟರ್ ಕೆಂಪರಾಜ್ ಅವರಿಗೆ ಪತ್ರ ಬರೆದಳು: ಶನಿವಾರ ಬನ್ನಿ, ನಿಮಗೆ ಬೇಕಾದ ಹಾಲು ತನ್ನಿ, ಪರೀಕ್ಷೆ ಮಾಡಿ ತೋರಿಸುತ್ತೇವೆ. ಅವರು ಮೆಚ್ಚಿದರೆ ಹತ್ತು ಹಳ್ಳಿಯ ಡೇರಿಗಳಲ್ಲಿ ಯಂತ್ರ ಕೂರುತ್ತದೆ. ಮೆಚ್ಚದಿದ್ದರೆ ಶೆಡ್ಡಿನ ನೀಲಿ ಗೇಟಿಗೆ ಬೀಗ.

ಹೇಳಿಬಿಡಬೇಕು ಎಂದು ಬೈರಮ್ಮನಿಗೆ ಮೂರು ಸಲ ಬಾಯಿವರೆಗೆ ಬಂತು. ಆದರೆ ಗೋಡೆಯ ಮೇಲಿನ ಎರಡು ಗೆರೆ ಕಣ್ಣಿಗೆ ಬೀಳುತ್ತಿತ್ತು, ಬಾವಿಕಟ್ಟೆಯ ಅನಸೂಯ ಕಿವಿಗೆ ಬೀಳುತ್ತಿದ್ದಳು. ಹೇಳದಿದ್ದರೆ ಏನು ನಷ್ಟ? ಹಸುವಿಗೂ ಒಳ್ಳೆಯದು, ಮೇಡಮ್ಮಿಗೂ ಒಳ್ಳೆಯದು, ಸ್ಕ್ರೂವಿಗೂ ಮರ್ಯಾದೆ.

ಗುರುವಾರ ಬೆಳಿಗ್ಗೆ ಒಂದು ಪಾರ್ಸಲ್ ಬಂತು. ದೊಡ್ಡ ದಿನಕ್ಕೆ ಹಳೆಯ, ಗೀಚು ಬಿದ್ದ ಪ್ಲೇಟು ಯಾಕೆಂದು ದಿವ್ಯ ಹೊಸದು ತರಿಸಿದ್ದಳು. ಒಂದೊಂದೂ ಸೀಲ್ ಮಾಡಿದ ಚೀಲದಲ್ಲಿ. 'ಇವನ್ನ ತೊಳೆಯೋದೂ ಬೇಡ ಬೈರಮ್ಮನೋರೆ, ಅಲ್ಲಿಂದಲೇ ಶುದ್ಧ ಮಾಡಿ ಕಳಿಸಿದ್ದಾರೆ' ಎಂದಳು. ಬೈರಮ್ಮನ ಕೈಯಲ್ಲಿದ್ದ ಬಕೆಟ್ಟು ತಾನಾಗಿ ಕೆಳಗಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನಲ್ಲಿ ಸೂತಕ. ಹತ್ತು ಏಟಿಗೆ ಹತ್ತು ಬೇರೆ ಬೇರೆ ಅಳತೆ. ಒಂದೇ ಹಸು ಹತ್ತು ಗಂಟೆಗೆ ಗಟ್ಟಿ, ಹತ್ತೂಕಾಲಿಗೆ ರೋಗಿ, ಹತ್ತೂವರೆಗೆ ಮತ್ತೆ ಗಟ್ಟಿ. ಮಂಜೇಶ್ ಕೆಂಪು ಬಣ್ಣದ ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ, ಅರ್ಧ ಸುತ್ತು ಮುಂದಕ್ಕೆ ತಿರುಗಿಸಿದ, ಕೊನೆಗೆ ಅದಕ್ಕೆ ಬೈದ. ಮೂರು ಗಂಟೆಗೆ ಅಂಗಿ ತೋಳು ಮಡಚಿ, 'ಮೇಡಂ, ಕನ್ನಡಿಗಳನ್ನೆಲ್ಲ ಬಿಚ್ಚಿ ಮೊದಲಿಂದ ಕೂರಿಸ್ಬೇಕು. ನಾಲ್ಕು ದಿನ ಹಿಡಿಯುತ್ತೆ' ಎಂದ.

ದಿವ್ಯ ತಲೆ ಮೇಲೆ ಕೈಯಿಟ್ಟುಕೊಂಡು ಕೂತಳು. ಆಮೇಲೆ ಫೋನ್ ತೆಗೆದು ಡಾಕ್ಟರ್ ಕೆಂಪರಾಜರಿಗೆ 'ದಯವಿಟ್ಟು ಕ್ಷಮಿಸಿ, ಶನಿವಾರ' ಎಂದು ಟೈಪ್ ಮಾಡತೊಡಗಿದಳು. ಮಂಜೇಶ್ ಮೊದಲ ಕನ್ನಡಿಯ ಸ್ಕ್ರೂವಿಗೆ ಕೈ ಹಾಕಿದ.

ಬೈರಮ್ಮನಿಗೆ ಒಂದು ದಾರಿ ಕಾಣುತ್ತಿತ್ತು: ಇಬ್ಬರೂ ಟೀ ಕುಡಿಯಲು ಹೋದಾಗ ಆ ಹೊಸ ಪ್ಲೇಟುಗಳಿಗೂ ಒಂದು ಕೈ ಎಳೆದುಬಿಡುವುದು. ಆದರೆ ಕನ್ನಡಿ ಬಿಚ್ಚಿದ ಮೇಲೆ ಗಂಜಿ ಕೊಟ್ಟು ಏನು ಪ್ರಯೋಜನ?

'ಬಿಡಪ್ಪಾ ಆ ಸ್ಕ್ರೂನ!' ಎಂದಳು. ಹೊಲದ ಈ ಬದಿಯಿಂದ ಆ ಬದಿಗೆ ಕೂಗಿ ಪಳಗಿದ ಗಂಟಲು. ಮಂಜೇಶನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. 'ಮೇಡಂ, ತಪ್ಪು ಲೇಸರ್‌ದಲ್ಲ. ಹೊಸ ಪ್ಲೇಟಿಗೆ ಗಂಜಿ ಇಲ್ಲ.'

'ಏನಿಲ್ಲ?'

'ಗಂಜಿ.'

ದಿವ್ಯ ಮಂಜೇಶನನ್ನು ನೋಡಿದಳು. ಮಂಜೇಶ್ ಸ್ಕ್ರೂವನ್ನು ನೋಡಿದ.

'ಹಳೇ ಪ್ಲೇಟಿಗೆಲ್ಲ ಕೊಟ್ಟಿದ್ದೆ. ತಿಳಿ ಗಂಜಿ. ಹನಿ ಓಡ್ದೆ ಇರ್ಲಿ ಅಂತ.'

'ಎಷ್ಟು ದಿನದಿಂದ?'

'ಹನ್ನೆರಡು.'

'ಹಾಗಾದ್ರೆ ಹನ್ನೆರಡು ದಿನ ನಾನು ತೆಗೆದ ಅಳತೆ ಪೂರ್ತಿ...'

'ಗಂಜಿ ಮ್ಯಾಲೇ ತೆಗ್ದಿದ್ದು.'

ಬೈರಮ್ಮ ಬೈಗುಳಕ್ಕೆ ಸಿದ್ಧಳಾಗಿದ್ದಳು. ಬೈದರೆ ಕೇಳಿಸಿಕೊಳ್ಳುವುದು, ತಿರುಗಿ ಎರಡು ಆಡುವುದು, ಇಬ್ಬರೂ ಅಳುವುದು, ಟೀ ಕುಡಿಯುವುದು: ಜಗಳಕ್ಕೆ ಅವಳಿಗೆ ಗೊತ್ತಿದ್ದ ರೀತಿ ಇದು. ದಿವ್ಯ ಬೈಯಲಿಲ್ಲ. ಬಹಳ ಮೆಲ್ಲಗೆ, 'ಗೋಡೆ ಮೇಲೆ ಬರೆದಿದ್ನಲ್ಲ ಬೈರಮ್ಮನೋರೆ' ಎಂದಳು. ಆಮೇಲೆ ಇನ್ನೂ ಮೆಲ್ಲಗೆ, 'ಈಗ ನೀವು ಮನೆಗೆ ಹೋಗಿ.'

ಹದಿನೆಂಟು ಅಕ್ಷೌಹಿಣಿ ಸೇನೆಗೂ ಬಗ್ಗದ ಬೈರಮ್ಮ ಆ ಒಂದು ಮಾತಿಗೆ ಮುದುಡಿದಳು. ಚೀಲ ತೆಗೆದುಕೊಂಡಳು. ಡಬ್ಬಿಗಳನ್ನು ಇಟ್ಟುಕೊಂಡಳು. ಬಸ್ ಸ್ಟಾಪಿನವರೆಗೆ ಹೋಗುವಾಗ ರಟ್ಟಿನ ಫ್ಯಾಕ್ಟರಿಯ ವಾಚ್‌ಮನ್, 'ಏನಕ್ಕ, ಇವತ್ತು ಬೇಗ?' ಎಂದದ್ದಕ್ಕೆ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. ಸ್ಟಾಪಿನ ಕಲ್ಲಿನ ಮೇಲೆ ಕೂತು, ಅನಸೂಯಳಿಗೆ ಏನು ಹೇಳುವುದೆಂದು ಯೋಚಿಸಿದಳು. ಸುಳ್ಳುಗಳು ಒಂದೆರಡು ಸಿಕ್ಕವು, ಯಾವುದೂ ಬಿಗಿಯಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ದಿವ್ಯಳ ಮುಖ. ಹೊಸಕೋಟೆಯಿಂದ ಬಂದ ಬಸ್ಸು ಮುಂದೆ ನಿಂತಿತು. ಕಂಡಕ್ಟರ್, 'ಹತ್ತಮ್ಮಾ, ಹತ್ತು' ಎಂದ. ಬೈರಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು.

'ಅಕ್ಕಾ! ಬೈರಕ್ಕಾ! ತಡೀರಿ!'

ಮಂಜೇಶ್ ಓಡಿ ಬರುತ್ತಿದ್ದ. ನಲವತ್ತು ವರ್ಷದ ಹೊಟ್ಟೆ ಅವನಿಗಿಂತ ಅರ್ಧ ಹೆಜ್ಜೆ ಮುಂದಿತ್ತು. ಬಸ್ಸಿನ ಕಂಬಿ ಹಿಡಿದು ಏದುಸಿರು ಬಿಡುತ್ತಾ, 'ಮೇಡಂ ಕೇಳ್ತಾವ್ರೆ...'

'ಏನಂತೆ?'

'ಗಂಜಿ ಅಕ್ಕಿದಾ, ಸಬ್ಬಕ್ಕಿದಾ?'

'ಅಕ್ಕಿದು ಅಂತ ಹೇಳಪ್ಪ. ಹಳೇ ಅಕ್ಕಿ.'

'ನೀವೇ ಬಂದು ಹೇಳ್ಬೇಕಂತೆ.'

'ಹೋಗ್ತೀರೋ, ಬರ್ತೀರೋ?' ಎಂದ ಕಂಡಕ್ಟರ್. ಬೈರಮ್ಮ ಕಾಲು ಹಿಂದಕ್ಕೆ ತೆಗೆದಳು. ಬಸ್ಸು ಗೊಣಗುತ್ತಾ ಹೊರಟಿತು.

ಅವಳು ಹೋದ ಮೇಲೆ ನಡೆದದ್ದಿಷ್ಟು: ದಿವ್ಯ ಗೋಡೆಯ ಕಾಗದವನ್ನು ಇನ್ನೊಮ್ಮೆ ಓದಿದಳು. ಆಮೇಲೆ ಎದ್ದು ಹಳೆಯ ಪ್ಲೇಟೊಂದನ್ನೂ ಹೊಸ ಪ್ಲೇಟೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಹೊಸದರ ಮೇಲೆ ಬಳೆ. ಹಳೆಯದರ ಮೇಲೆ ಹನಿ ತುಂಬಾ ಸಮವಾಗಿ ಹರಡಿದ ಬೆಳ್ಳಿ, ಹುಣ್ಣಿಮೆಯ ಹಾಗೆ.

'ಕೂತ್ಕೊಳಿ,' ಎಂದಳು ದಿವ್ಯ, ಬೈರಮ್ಮ ಒಳಗೆ ಬರುತ್ತಿದ್ದ ಹಾಗೆ. ಮುಖ ಇನ್ನೂ ಗಂಟು. 'ನೀವು ಮಾಡಿದ್ದು ತಪ್ಪು. ಗಂಜಿ ಹಾಕಿದ್ದಲ್ಲ, ಹೇಳದೆ ಹಾಕಿದ್ದು. ಗೊತ್ತಾಯ್ತಾ?'

'ಗೊತ್ತಾಯ್ತು ಕಣಮ್ಮ. ತಪ್ಪಾಯ್ತು.'

'ಈಗ ನೀವು ಏನು ಮಾಡಿದ್ರೋ ಒಂದೂ ಬಿಡದೆ ಹೇಳಿ. ಎಷ್ಟು ಅಕ್ಕಿ?'

'ಒಂದು ಹಿಡಿ.'

'ಹಿಡಿ ಅಂದ್ರೆ?'

ಬೈರಮ್ಮ ಮುಷ್ಟಿ ಎತ್ತಿ ತೋರಿಸಿದಳು. 'ಇದು.'

ಪಕ್ಕದ ಅಂಗಡಿಯಿಂದ ಅಕ್ಕಿ ಬಂತು. ಅತಿ ಸೂಕ್ಷ್ಮ ತಕ್ಕಡಿಯ ಮುಂದೆ ಬೈರಮ್ಮ ಹಿಡಿ ಹಿಡಿಯಾಗಿ ಸುರಿದಳು. ನಲವತ್ತೊಂದು ಗ್ರಾಂ. ನಲವತ್ತೊಂದು. ನಲವತ್ತೆರಡು. ಮಂಜೇಶನೂ ಉತ್ಸಾಹದಿಂದ ಕೈ ಹಾಕಿದ: ಮೂವತ್ತೆಂಟು, ಐವತ್ತೇಳು, ನಲವತ್ತೊಂಬತ್ತು. 'ಸ್ಕ್ರೂ ಹಿಡಿಯೋ ಕೈ ಅದು, ಬಿಡಪ್ಪ' ಎಂದು ಬೈರಮ್ಮ ಸಮಾಧಾನ ಮಾಡಿದಳು.

'ಎಷ್ಟು ಬಿಸಿ ಇರುವಾಗ ಹಚ್ತೀರಿ?'

'ಬೆರಳಿಟ್ರೆ ಅಯ್ಯೋ ಅನ್ನಬಾರ್ದು. ಉಶ್ ಅನ್ನಬೇಕು.'

ಗಂಜಿ ಕಾಯಿಸಿದರು. ಬೈರಮ್ಮ ಆಗಾಗ ಬೆರಳು ಅದ್ದಿದಳು. 'ಅಯ್ಯೋ... ಅಯ್ಯೋ... ಅಯ್ಯೋ... ಉಶ್. ಈಗ!' ಮಂಜೇಶ್ ಥರ್ಮಾಮೀಟರ್ ಓದಿದ: ಐವತ್ನಾಲ್ಕು. ಎರಡನೆಯ ಸಲ ಕಾಯಿಸಿದಾಗಲೂ ಉಶ್ ಎಂದದ್ದು ಐವತ್ನಾಲ್ಕಕ್ಕೇ.

'ಎಷ್ಟು ಹೊತ್ತು ಒಣಗಿಸ್ತೀರಿ?'

'ಒಣಗೋ ತಂಕ.'

ದಿವ್ಯ ಕಣ್ಣು ಮುಚ್ಚಿ, ಮೂಗಿನಿಂದ ಒಂದು ದೀರ್ಘ ಉಸಿರು ಬಿಟ್ಟು, ಗಡಿಯಾರ ಇಟ್ಟು ತಾನೇ ಅಳೆದಳು.

ಶುಕ್ರವಾರ ಪರೀಕ್ಷೆ. ಇಪ್ಪತ್ತು ಹೊಸ ಪ್ಲೇಟಿಗೆ ಗಂಜಿ, ಇಪ್ಪತ್ತು ಬರಿಯವು. ಯಾವುದು ಯಾವುದೆಂದು ಗೊತ್ತಾಗದ ಹಾಗೆ ನಂಬರು ಹಾಕಿ ಕಲಸಿದರು. ನಂಬರಿನ ಪಟ್ಟಿ ಬೈರಮ್ಮನ ಬಳಿ, ಅವಳು ಗೇಟಿನ ಹೊರಗೆ. ಒಳಗೆ ಚಟ್ ಚಟ್ ಎಂದು ಕಿಡಿಗಳು. ಅವಳು ವಾಚ್‌ಮನ್‌ನ ಕುರ್ಚಿಯಲ್ಲಿ ಕೂತು, ಪಟ್ಟಿಯನ್ನು ರವಿಕೆಯಲ್ಲಿ ಭದ್ರವಾಗಿಟ್ಟುಕೊಂಡು, ಮನೆದೇವರಿಂದ ಹಿಡಿದು ನೆನಪಿಗೆ ಬಂದ ಎಲ್ಲ ದೇವರಿಗೂ ಒಂದೊಂದು ಹರಕೆ ಹೊತ್ತಳು. ನಾಲ್ಕು ಗಂಟೆಗೆ ಕರೆದರು. ಪಟ್ಟಿ ತೆಗೆದು ತಾಳೆ ನೋಡಿದರು. ಒಂದೇ ಸಮ ಬಂದ ಹತ್ತೊಂಬತ್ತೂ ಗಂಜಿಯವು. ಗಂಜಿಯದೇ ಒಂದು ಕೆಟ್ಟಿತ್ತು.

'ಅದು ಮಂಜೇಶಪ್ಪ ಹಚ್ಚಿದ್ದು,' ಎಂದಳು ಬೈರಮ್ಮ.

'ಒಂದು ಹಚ್ಚಿ ನೋಡೋಣ ಅಂತ...' ಎಂದ ಮಂಜೇಶ್.

ದಿವ್ಯ ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಶನಿವಾರ ಡಾಕ್ಟರ್ ಕೆಂಪರಾಜ್ ಬಂದರು. ದಪ್ಪ ಮೀಸೆ, ಮೊಣಕೈವರೆಗೆ ಮಡಚಿದ ತೋಳು. ಮೂವತ್ತು ವರ್ಷದಲ್ಲಿ ತಾಲ್ಲೂಕಿನ ಅರ್ಧ ಕರುಗಳನ್ನು ಎಳೆದು ಭೂಮಿಗೆ ತಂದ ಕೈ. ಯಂತ್ರಗಳ ಬಗ್ಗೆ ಅವರಿಗೆ ನಂಬಿಕೆ ಕಡಿಮೆ. ಹನ್ನೆರಡು ಸಣ್ಣ ಬಾಟಲಿ ಹಾಲು ತಂದಿದ್ದರು, ಮೇಲೆ ನಂಬರು ಮಾತ್ರ. 'ಇದರಲ್ಲಿ ಯಾವ್ಯಾವು ಕೆಟ್ಟಿವೆ ಅಂತ ನನಗೆ ಗೊತ್ತು. ನೀವು ಹೇಳಿ ನೋಡೋಣ' ಎಂದು ಕುರ್ಚಿಯಲ್ಲಿ ಕಾಲು ಚಾಚಿದರು.

ಮಧ್ಯಾಹ್ನ ಎರಡಕ್ಕೆ ದಿವ್ಯ ಹೇಳಿದಳು: ಮೂರು, ಏಳು, ಒಂಬತ್ತು, ಹನ್ನೆರಡು.

'ಮೂರು, ಒಂಬತ್ತು, ಹನ್ನೆರಡು ಸರಿ. ಏಳು ತಪ್ಪು. ಆ ಹಸು ಗಟ್ಟಿಯಾಗಿದೆ, ನಾನೇ ನೋಡಿದ್ದೀನಿ.'

ದಿವ್ಯ ಏಳನೆಯದನ್ನು ಇನ್ನೊಮ್ಮೆ ಅಳೆದಳು, ಮತ್ತೊಮ್ಮೆ ಅಳೆದಳು. ಅದೇ ಉತ್ತರ. ಕೂದಲೆಳೆಯಷ್ಟೂ ಬದಲಿಲ್ಲ.

'ಸಾರ್,' ಎಂದಳು ಬೈರಮ್ಮ ಬಾಗಿಲ ಬಳಿಯಿಂದ, 'ಆ ಹಸು ಕರು ಹಾಕಿ ಎಷ್ಟು ದಿನ ಆಯ್ತು?'

ಕೆಂಪರಾಜ್ ತಿರುಗಿ ನೋಡಿದರು. ಪುಸ್ತಕ ತೆಗೆದರು. 'ಹತ್ತು ದಿನ.'

'ಹತ್ತು ದಿನದ ಹಾಲು ಬ್ಯಾರೆ ಥರಾನೇ ಇರ್ತದಲ್ವಾ?'

ದಿವ್ಯ ನೆಟ್ಟಗೆ ಕೂತಳು. 'ಹೌದು! ಕರು ಹಾಕಿದ ಹೊಸದರಲ್ಲಿ ರೋಗ ಇಲ್ಲದಿದ್ರೂ ಈ ಪ್ರೋಟೀನು ಹೆಚ್ಚಿರಬಹುದು ಸಾರ್. ನಾವು ಆ ದಿನಗಳನ್ನ ಕೇಳಿ ಬರ್ಕೊಂಡು ಲೆಕ್ಕ ಸರಿಮಾಡ್ಬೇಕು. ಇನ್ನೂ ಮಾಡಿಲ್ಲ.'

ಕೆಂಪರಾಜ್ ಮೀಸೆಯ ತುದಿಯನ್ನು ತಿರುವಿದರು. 'ನೋಡಮ್ಮ, ನಾನು ಸುಮಾರು ಯಂತ್ರ ನೋಡಿದ್ದೀನಿ. ಒಂದೊಂದು ಸಲ ಒಂದೊಂದು ಹೇಳ್ತವೆ. ನಿಮ್ಮದು ತಪ್ಪು ಹೇಳಿದ್ರೂ ಮೂರು ಸಲಾನೂ ಅದೇ ತಪ್ಪು ಹೇಳ್ತು. ಇಂಥವನನ್ನ ತಿದ್ದಬಹುದು. ದಿನಕ್ಕೊಂದು ಮಾತಾಡೋನನ್ನ ತಿದ್ದೋಕಾಗಲ್ಲ.' ಆಮೇಲೆ ಒಂದು ಪ್ಲೇಟನ್ನು ಬೆಳಕಿಗೆ ಹಿಡಿದು, 'ಇದರ ಮೇಲೆ ಏನೋ ಲೇಪ ಅಂದ್ರಲ್ಲ, ಏನದು?'

ಬೈರಮ್ಮ ದಿವ್ಯಳ ಕಡೆ ನೋಡಿದಳು. 'ನಮ್ಮ ವಿಶೇಷ ಲೇಪ' ಎಂದರೆ ಸಾಕಿತ್ತು, ಕೇಳಲು ಘನವಾಗಿರುತ್ತಿತ್ತು.

'ಗಂಜಿ ಸಾರ್,' ಎಂದಳು ದಿವ್ಯ. 'ಅಕ್ಕಿ ಗಂಜಿ. ಕಂಡುಹಿಡಿದಿದ್ದು ಇವರು, ಬೈರಮ್ಮ. ನಮಗೆ ಹೇಳದೆ ಕಂಡುಹಿಡಿದ್ರು, ಅದೊಂದು ಬೇರೆ ಕಥೆ.'

ಕೆಂಪರಾಜ್ ಪ್ಲೇಟನ್ನು ಮೂಸಿ ನೋಡಿದರು. ಬೈರಮ್ಮನನ್ನು ನೋಡಿದರು. 'ಹತ್ತು ಡೇರಿಲಿ ಇಟ್ರೆ ಇದನ್ನ ಹಚ್ಚೋರು ಯಾರಮ್ಮ?'

'ಕಲಿಯೋರು ಇದ್ರೆ ಕಳ್ಸಿ ಸಾರ್, ಹೇಳ್ಕೊಡ್ತೀನಿ.' ಅವ್ವನ ಗುಟ್ಟು, ಮೂವತ್ತು ಬೇಸಿಗೆ ಓರಗಿತ್ತಿಗೂ ಬಿಟ್ಟುಕೊಡದ ಗುಟ್ಟು, ಬಾಯಿಂದ ಇಷ್ಟು ಸಲೀಸಾಗಿ ಹೊರಬಿದ್ದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಕೂಡಲೇ ಗಟ್ಟಿಮಾಡಿಕೊಂಡಳು: 'ಅವಸರದೋರು ಬ್ಯಾಡ. ಉಗುರು ಬಿಟ್ಟೋರೂ ಬ್ಯಾಡ.'

ಒಂದು ವಾರದ ಮೇಲೆ, ಸೋಮವಾರ, ನೀಲಿ ಗೇಟಿನ ಮುಂದೆ ಎರಡು ಸ್ಕೂಟರ್ ನಿಂತವು. ಒಕ್ಕೂಟದಿಂದ ಬಂದ ರಂಜಿತ, ಚಂದನ. ಇಬ್ಬರೂ ಬಿಎಸ್ಸಿ, ಇಬ್ಬರ ಕೈಯಲ್ಲೂ ಹೊಸ ನೋಟ್‌ಪುಸ್ತಕ, ಇಬ್ಬರ ಉಗುರೂ ಅಂದೇ ಬೆಳಿಗ್ಗೆ ಕತ್ತರಿಸಿದ್ದು. ಮೇಜಿನ ಮೇಲೆ ದಿವ್ಯ ಬರೆದಿಟ್ಟ ವಿಧಾನದ ಹಾಳೆ ಇತ್ತು: ನಲವತ್ತೊಂದು ಗ್ರಾಂ, ಐವತ್ನಾಲ್ಕು ಡಿಗ್ರಿ, ಇಷ್ಟು ನಿಮಿಷ, ಕೆಳಗೆ ರೂಪಿಸಿದವರು ಎಂಬಲ್ಲಿ ಬೈರಮ್ಮನ ಹೆಸರು.

'ಆಂಟಿ, ಲೇಸರ್ ಎಲ್ಲಿದೆ?' ಎಂದಳು ರಂಜಿತ, ಕಣ್ಣರಳಿಸಿ.

'ಅದು ಒಳಗೈತೆ, ಓಡಿ ಹೋಗಲ್ಲ,' ಎಂದು ಬೈರಮ್ಮ ಅವರ ಮುಂದೆ ಒಂದು ಪಾತ್ರೆ ಇಟ್ಟಳು. 'ಮೊದ್ಲು ಅಕ್ಕಿ ತೊಳೀರಿ.'

ಚಂದನ ಎರಡು ಸಲ ತೊಳೆದು, ಹೆಮ್ಮೆಯಿಂದ ಪಾತ್ರೆ ಮುಂದೆ ಚಾಚಿದಳು. ಬೈರಮ್ಮ ಬಗ್ಗಿ ನೀರು ನೋಡಿದಳು.

'ಇನ್ನೊಂದು ನೀರು,' ಎಂದಳು.